ಲಾವಣ್ಯಳ ಎಡಗೈ

ಹೋದ ತಿಂಗಳು ಬೆಂಗಳೂರಿನಲ್ಲಿ ನಮ್ಮ ಲಾವಣ್ಯ ಗೆದ್ದಳು. ರೆಫರಿ ಅವಳ ಕೈ ಎತ್ತಿ ಹಿಡಿದ. ಹಾಲ್‌ಗೆ ಹಾಲೇ ಎದ್ದು ನಿಂತು ಕೂಗಿತು. ಎರಡನೇ ಸಾಲಿನಲ್ಲಿ ಒಬ್ಬ ಮಾತ್ರ ಕೂತೇ ಇದ್ದ. ಅವನು ನಾನು.

ಲಾವಣ್ಯ ನನ್ನ ಅಕ್ಕನ ಮಗಳು, ಶ್ರೀನಿವಾಸಪುರದವಳು. ಪ್ರೊಫೆಷನಲ್ ಬಾಕ್ಸರ್. (ಇದೇ ಅಂಕಣದಲ್ಲಿ ಅವಳ ಬಗ್ಗೆ ಎರಡು ಸಲ ಜಂಬ ಕೊಚ್ಚಿದ್ದೇನೆ. ನೀವು ಮರೆತಿದ್ದರೆ ಒಳ್ಳೆಯದೇ.) ಅವಳು ಸೌತ್‌ಪಾ, ಅಂದರೆ ಎಡಗೈಯವಳು. ಬಲಗಾಲು, ಬಲಗೈ ಮುಂದೆ. ಜೋರಿನ ಏಟು ಹಿಂದಿರುವ ಎಡಗೈಯದು. ಇಂಥವರೆಂದರೆ ಎದುರಾಳಿಗಳಿಗೆ ತಲೆನೋವು.

ಆದರೆ ಅವತ್ತು ಮೊದಲೆರಡು ರೌಂಡು ಅವಳ ಎಡಗೈ ಹೊರಡುವುದು, ಅರ್ಧದಲ್ಲಿ ನಿಲ್ಲುವುದು. ಮತ್ತೆ ಹೊರಡುವುದು, ಮತ್ತೆ ನಿಲ್ಲುವುದು. ಅಷ್ಟು ಸಾಕಲ್ಲ? ಎದುರಿನ ಹುಡುಗಿಯ ಬಲಗೈ ನೇರವಾಗಿ ಇವಳ ಎಡಗಣ್ಣಿಗೇ ಬಂತು. ಒಂದಲ್ಲ, ಎರಡಲ್ಲ. ಕಣ್ಣು ಊದಿ ಮುಚ್ಚಿಕೊಂಡಿತು. ನನ್ನ ಪಕ್ಕದಲ್ಲಿ ಅಕ್ಕ "ದೇವುಡಾ, ದೇವುಡಾ" ಎನ್ನುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಬ್ರೇಕಿನಲ್ಲಿ ಕೋಚ್ ರೆಡ್ಡಪ್ಪ ಅವಳೆದುರು ಕುಕ್ಕರುಗಾಲಲ್ಲಿ ಕೂತರು. ಮುಳಬಾಗಿಲಿನವರು, ಮೆತ್ತಗೆ ಮಾತಾಡಿ ಗೊತ್ತೇ ಇಲ್ಲ. ನಾವು ಅವರ ಬೆನ್ನ ಹಿಂದೆಯೇ ಇದ್ದೆವು.

"ಎಡಗೈಲಿ ನೀನಾಗೇ ಹೋಗ್ಬೇಡಮ್ಮ. ಹೊಡೆಯೋ ಮೊದ್ಲು ಯೋಚ್ನೆ ಮಾಡ್ತಿದ್ದೀಯ. ಬಲಗೈಲಿ ಸುಮ್ನೆ ಕೆಣಕ್ತಾ ಇರು. ನಿನ್ನ ಬಲಗಾಲು ಅವಳ ಎಡಗಾಲಿಂದ ಆಚೆಗಿರ್ಲಿ. ಅವಳೇ ಹೊಡೆಯೋಕೆ ಬರ್ಲಿ. ಬಂದಾಗ ತಲೆ ತಪ್ಪಿಸಿ ಬಿಡು ಒಂದು. ಆವಾಗ ಯೋಚ್ನೆ ಮಾಡೋಕೆ ಪುರುಸೊತ್ತೇ ಇರಲ್ಲ."

ಲಾವಣ್ಯ ಹಾಗೇ ಮಾಡಿದಳು. ಕಾದಳು, ಕೆಣಕಿದಳು, ಪಕ್ಕಕ್ಕೆ ಜರುಗಿದಳು. ಆ ಹುಡುಗಿ ನುಗ್ಗಿ ಬಂದಾಗಲೆಲ್ಲ ಎಡಗೈ ತಾನಾಗಿಯೇ ಹಾರಿತು. ನಾಲ್ಕನೇ ರೌಂಡಿಗೆ ಆಟ ತಿರುಗಿತು. ಆರು ರೌಂಡು ಮುಗಿದಾಗ ಪಾಯಿಂಟ್ಸ್ ಮೇಲೆ ಗೆಲುವು ನಮ್ಮವಳದೇ.

ಮತ್ತೆ ನಾನೇಕೆ ಕೂತಿದ್ದೆ? ಅರ್ಧದಲ್ಲಿ ನಿಲ್ಲುವ ಆ ಕೈ ನನಗೆ ಗುರುತಿತ್ತು. ಅದನ್ನು ಮೊದಲು ನೋಡಿದ್ದು ನಮ್ಮ ಮನೆಯ ಊಟದ ಸಾಲಿನಲ್ಲಿ.

ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಲಾವಣ್ಯ ಕೋಲಾರದ ನಮ್ಮ ಮನೆಯಲ್ಲಿದ್ದು ಓದಿದಳು. ಮುದ್ದೆ ಮುರಿಯುವುದಕ್ಕೂ ಎಡಗೈ, ಬಳಪ ಹಿಡಿಯುವುದಕ್ಕೂ ಎಡಗೈ. ಒಂದು ವರಮಹಾಲಕ್ಷ್ಮಿ ಹಬ್ಬದಲ್ಲಿ ಪಕ್ಕದ ಮನೆಯವರಿಗೆ ತಾಂಬೂಲವನ್ನೂ ಎಡಗೈಯಲ್ಲೇ ಕೊಟ್ಟಳು. ಅವರು ಮುಖ ಸಿಂಡರಿಸಿ, ತಾಂಬೂಲ ಮುಟ್ಟದೆ ಎದ್ದು ಹೋದರು. ನಮ್ಮ ಮಾನ ಹೋಯಿತಲ್ಲ!

ಅವತ್ತಿನಿಂದ ಊಟಕ್ಕೆ ಕೂತಾಗ ನನ್ನ ತಟ್ಟೆಯ ಪಕ್ಕ ಮರದ ಸ್ಕೇಲ್. ಎಡಗೈ ಎದ್ದರೆ ಗೆಣ್ಣಿನ ಮೇಲೆ ಒಂದು. ಬರಬರುತ್ತ ಹೊಡೆಯುವುದೇ ಬೇಡವಾಯಿತು. ಕೈ ಹೊರಡುತ್ತಿತ್ತು, ಸ್ಕೇಲ್ ಕಂಡು ಅರ್ಧದಲ್ಲೇ ನಿಲ್ಲುತ್ತಿತ್ತು. ಮಗು ಸರಿಹೋಯಿತು ಎಂದು ಬೀಗಿದೆ. (ಕೆಟ್ಟ ಉದ್ದೇಶ ಇರಲಿಲ್ಲ. ಮಕ್ಕಳಿಗೆ ಹೊಡೆಯುವ ಯಾರಿಗೆ ತಾನೇ ಕೆಟ್ಟ ಉದ್ದೇಶ ಇರುತ್ತದೆ?)

ಪಂದ್ಯ ಮುಗಿದ ಮೂರನೇ ದಿನ ಕಣ್ಣಿನ ಡಾಕ್ಟರು ಹೇಳಿದರು: ರೆಟಿನಾ ಹರಿದಿದೆ. ಆಪರೇಷನ್ ಆಯಿತು. ದೃಷ್ಟಿ ಅಷ್ಟೋ ಇಷ್ಟೋ ಉಳಿಯಬಹುದು, ಆದರೆ ಇನ್ನು ರಿಂಗಿಗೆ ಇಳಿಯುವ ಹಾಗಿಲ್ಲ. ಅವಳಿಗಿನ್ನೂ ಇಪ್ಪತ್ತಮೂರು. ಗೆದ್ದ ಪಂದ್ಯವೇ ಕೊನೆಯ ಪಂದ್ಯವಾಯಿತು.

ಮೊನ್ನೆ ಭಾನುವಾರ ಬಸ್ಸು ಹತ್ತಿ ಶ್ರೀನಿವಾಸಪುರಕ್ಕೆ ಹೋದೆ. ಮಾವಿನ ಸೀಸನ್ ಅಲ್ಲವೇ, ಪಡಸಾಲೆ ತುಂಬ ಕ್ರೇಟುಗಳು. ಅವುಗಳ ಮಧ್ಯೆ ಲಾವಣ್ಯ ಕಪ್ಪು ಕನ್ನಡಕ ಹಾಕಿಕೊಂಡು ಸುಮ್ಮನೆ ಕೂತಿದ್ದಳು. ಅಕ್ಕ ಹಣ್ಣು ಹೆಚ್ಚಿ ತಂದಿಟ್ಟು ಒಳಗೆ ಹೋದಳು. ಕೇಳಬಾರದಿತ್ತು, ಕೇಳಿಬಿಟ್ಟೆ.

"ಮೊದಲೆರಡು ರೌಂಡು ಎಡಗೈ ಯಾಕಮ್ಮ ಹಂಗೆ ನಿಂತೋಗ್ತಿತ್ತು?"

ನಕ್ಕಳು. "ಅದು ಏಳೋ ಮೊದ್ಲು ಪರ್ಮಿಷನ್ ಕೇಳುತ್ತೆ ಮಾಮಾ. ಮೂರನೇ ರೌಂಡಿಂದ ಕೇಳೋಕೆ ಟೈಮ್ ಕೊಡ್ಲಿಲ್ಲ, ಅಷ್ಟೆ."

"ನನ್ನಿಂದ್ಲೇ ಅಲ್ವೇನಮ್ಮ?"

"ಬಿಡಿ ಮಾಮಾ. ಹಣ್ಣು ತಿನ್ನಿ."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಒಂದು ಹೋಳು ತೆಗೆದು ಅವಳ ಕಡೆ ಚಾಚಿದೆ. ಅವಳ ಎಡಗೈ ಎದ್ದಿತು. ಅರ್ಧದಲ್ಲಿ ನಿಂತಿತು. ಬಲಗೈ ಬಂದು ಹೋಳು ತೆಗೆದುಕೊಂಡಿತು.

ಈಗ ಸ್ಕೇಲೂ ಇಲ್ಲ, ರಿಂಗೂ ಇಲ್ಲ. ಆದರೂ ಆ ಕೈ ನನ್ನೆದುರು ನಿಂತುಬಿಡುತ್ತದೆ. ಎಡಗೈ ಕೆಟ್ಟದ್ದು, ಒಳ್ಳೆಯ ಕೆಲಸವೆಲ್ಲ ಬಲಗೈಯಲ್ಲೇ ಆಗಬೇಕು ಎಂದು ಅವಳಿಗೆ ಕಲಿಸಿದವನು ನಾನು.

ಹಾಗಾದರೆ ನಾನು ಸ್ಕೇಲ್ ಹಿಡಿದಿದ್ದು ಯಾವ ಕೈಯಲ್ಲಿ?