ಬ್ರೆಕ್ಕೆ ಕಟ್ಟೆಯಲ್ಲಿ ಕೊನೆಯ ಪ್ರಶ್ನೆ

ಬ್ರೆಕ್ಕೆ ಕಟ್ಟೆಯಲ್ಲಿ ಸತ್ತವರಿಗೂ ವಯಸ್ಸಾಗುತ್ತಿತ್ತು. ಕಟ್ಟೆ ಎಂದರೆ ಕಲ್ಲಿನದ್ದಲ್ಲ, ಅಂತರ್ಜಾಲದ್ದು. ಹಳೆಯ ಬ್ರೆಕ್ಕೆ ಟ್ರ್ಯಾಕ್ಟರುಗಳ ಹುಚ್ಚು ಹಿಡಿದವರು ಸೇರಿ ಮಾತಾಡಲೆಂದು ಇಂಡಿಯಾನಾದ ಒಬ್ಬ ಪುಣ್ಯಾತ್ಮ ಇಪ್ಪತ್ತೆರಡು ವರ್ಷದ ಹಿಂದೆ ಮಾಡಿಟ್ಟಿದ್ದ. ಅದರ ಮೊದಲ ಪುಟದ ತಳದಲ್ಲಿ 'ಇಂದು ಹುಟ್ಟುಹಬ್ಬ' ಎಂಬ ಸಾಲೊಂದು ತಾನಾಗಿಯೇ ಮೂಡುತ್ತಿತ್ತು. ಯಾರು ಇದ್ದಾರೆ, ಯಾರು ಹೋದರು ಎನ್ನುವುದು ಆ ಸಾಲಿಗೆ ಗೊತ್ತಿರಲಿಲ್ಲ. ಐದು ವರ್ಷದ ಹಿಂದೆ ಮಣ್ಣಾಗಿದ್ದ ಅಯೋವಾದ ವೆಂಡೆಲ್‌ಗೆ ಈ ಮಾರ್ಚಿನಲ್ಲಿ ತೊಂಬತ್ತೊಂದು ತುಂಬಿತು. ಆ ಕಟ್ಟೆ ಕಟ್ಟಿದ ಪುಣ್ಯಾತ್ಮನೂ ಎರಡು ವರ್ಷದಿಂದ ಗೋರಿಯೊಳಗೇ ಹುಟ್ಟುಹಬ್ಬ ಆಚರಿಸಿಕೊಳ್ಳುತ್ತಿದ್ದ.

ಡೆಲ್ಮರ್ ಕಿಟಲ್ಸನ್ ಪ್ರತಿ ಬೆಳಿಗ್ಗೆ ಕಾಫಿ ಹಿಡಿದು ಕೂತು ಮೊದಲು ನೋಡುತ್ತಿದ್ದುದು ಆ ಸಾಲನ್ನೇ. ವಾರದ ಹೆಸರುಗಳಲ್ಲಿ ಉಸಿರಾಡುವವರು ಒಬ್ಬಿಬ್ಬರು ಸಿಕ್ಕರೆ ಹೆಚ್ಚು. ಮಾರ್ಚ್ ಒಂಬತ್ತಕ್ಕೆ ಅಲ್ಲಿ ಅವನ ಹೆಸರೂ ಬರುತ್ತಿತ್ತು. ಅದು ಅವನು ಹುಟ್ಟಿದ ದಿನವಲ್ಲ. ಕಟ್ಟೆಗೆ ಸೇರುವಾಗ ಅರ್ಜಿ ತುಂಬಿದ್ದು ಹೆಂಡತಿ ಆರ್ಲಿಸ್. ಅಭ್ಯಾಸಬಲದಿಂದ ತನ್ನ ಹುಟ್ಟಿದ ದಿನವನ್ನೇ ಒತ್ತಿಬಿಟ್ಟಿದ್ದಳು. ಅವಳಿದ್ದಾಗ ತಿದ್ದಬೇಕು ತಿದ್ದಬೇಕು ಎನ್ನುತ್ತಿದ್ದವನು ಅವಳು ಹೋದಮೇಲೆ ಆ ಮಾತೇ ಎತ್ತಲಿಲ್ಲ.

ವಿಸ್ಕಾನ್ಸಿನ್ನಿನ ನಮ್ಮ ಹ್ಯಾಲ್ವರ್ ಕ್ರೀಕ್ ಊರಿನಲ್ಲಿ ಒಂದು ಕಾಲಕ್ಕೆ ಬ್ರೆಕ್ಕೆ ಕಾರ್ಖಾನೆಯ ಶಿಳ್ಳೆಗೆ ಊರೇ ಊಟಕ್ಕೇಳುತ್ತಿತ್ತು. ಮನೆಯ ಹಿತ್ತಿಲಿಗೆ ಸಾಕಾಗುವಂಥ ಪುಟ್ಟ ಟ್ರ್ಯಾಕ್ಟರು, ಕುಂಬಳದ ಬಣ್ಣ, ಬೇಸಿಗೆಯಲ್ಲಿ ಹುಲ್ಲು ಕತ್ತರಿಸಿ ಚಳಿಗಾಲದಲ್ಲಿ ಹಿಮ ತಳ್ಳುವುದು. ಡೆಲ್ಮರ್ ಹತ್ತೊಂಬತ್ತನೆಯ ವಯಸ್ಸಿಗೆ ಅಲ್ಲಿ ಎಂಜಿನ್ ಕೂರಿಸುವ ಮೇಜಿಗೆ ಸೇರಿದ. ಎಂಟು ವರ್ಷಕ್ಕೆ ಕಾರ್ಖಾನೆ ಮುಚ್ಚಿತು. ಆಮೇಲೆ ಮೂವತ್ತನಾಲ್ಕು ವರ್ಷ ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡಿದನಾದರೂ, ಯಾರಾದರೂ ನೀನೇನು ಎಂದು ಕೇಳಿದರೆ ಬ್ರೆಕ್ಕೆಯವನು ಎಂದೇ ಹೇಳುತ್ತಿದ್ದ. ಕೇಳುವವರು ಈಗ ಇಲ್ಲ. ಸೆಪ್ಟೆಂಬರಿನ ಹಳೆಯ ಟ್ರ್ಯಾಕ್ಟರುಗಳ ಪ್ರದರ್ಶನದಲ್ಲಿ ಹಿಂದೆಲ್ಲ ನೂರ ನಲವತ್ತು ಬ್ರೆಕ್ಕೆಗಳು ಸಾಲುಗಟ್ಟುತ್ತಿದ್ದವು. ಕಳೆದ ವರ್ಷ ಬಂದದ್ದು ಒಂಬತ್ತು, ಅದರಲ್ಲಿ ಎರಡು ಅವನವೇ. ಪಕ್ಕದ ಮನೆಯವರು ತಟ್ಟೆಯಂಥ ಯಂತ್ರವೊಂದನ್ನು ತಂದಿದ್ದಾರೆ. ಅದು ಯಾರೂ ಕೂರದೆ, ಯಾರೂ ತಳ್ಳದೆ, ಸದ್ದೂ ಮಾಡದೆ ಹುಲ್ಲು ಕತ್ತರಿಸುತ್ತದೆ. ಅದನ್ನು ಕಂಡರೆ ಡೆಲ್ಮರ್‌ಗೆ ಮೈ ಜುಮ್ಮೆನ್ನುತ್ತಿತ್ತು.

ಕಟ್ಟೆಯಲ್ಲಿ ಅವನ ಹೆಸರಿಗೆ ಹನ್ನೆರಡು ಸಾವಿರ ಉತ್ತರಗಳಿದ್ದವು. ಬರೆಯುವುದೆಂದರೆ ಅವನಿಗೆ ಚಿಕ್ಕಂದಿನಿಂದ ಕಷ್ಟ. ಹಾಗಾಗಿ ಅವನು ಗ್ರೀಸು ಹತ್ತಿದ ಕೈಯನ್ನು ಮೈಗೆ ತಾಗಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದ, ಆರ್ಲಿಸ್ ಮೇಜಿಗೆ ಕೂತು ಟೈಪ್ ಮಾಡುತ್ತಿದ್ದಳು. ಒಂದು ವಾಕ್ಯ ಹೇಳಿ ನಿಲ್ಲಬೇಕು; ಅವಳ ಬೆರಳು ಟಕಟಕ ಎಂದು ಬಂದು ಸೇರಿಕೊಳ್ಳಬೇಕು; ಆಮೇಲೆ ಮುಂದಿನದು. ನಡುವೆ ತನ್ನದೂ ಒಂದೆರಡು ಮಾತು ಸೇರಿಸುತ್ತಿದ್ದಳು. ಬೆನ್ನುನೋವು ಎಂದವನಿಗೆ ಬಿಸಿನೀರಿನ ಚೀಲ, ಮಗಳ ಮದುವೆ ಎಂದವನಿಗೆ ಶುಭಾಶಯ. ಪಾಯಿಂಟ್ ಗ್ಯಾಪ್ ಬಗ್ಗೆ ಕೇಳಿದವರಿಗಂತೂ ಅಂಚೆಯಲ್ಲಿ ಒಂದು ಬೆಂಕಿಕಡ್ಡಿಯ ರಟ್ಟಿನ ಮಡಿಕೆ, ಹೋಟೆಲುಗಳಲ್ಲಿ ಬಿಟ್ಟಿ ಕೊಡುವಂಥದ್ದು, ಹೋಗುತ್ತಿತ್ತು. ಎಂಜಿನ್ನಿಗೆ ಕಿಡಿ ಕೊಡುವ ಎರಡು ಪಾಯಿಂಟುಗಳ ನಡುವೆ ಎಷ್ಟು ಸಂದು ಬಿಡಬೇಕು ಎನ್ನುವುದಕ್ಕೆ ಬ್ರೆಕ್ಕೆಯ ಮೇಜಿನವರು ಅಳತೆಪಟ್ಟಿ ಹುಡುಕುತ್ತಿರಲಿಲ್ಲ. ಶುಕ್ರವಾರ ಮೀನು ತಿನ್ನುವ ಹೋಟೆಲಿನ ಬೆಂಕಿಕಡ್ಡಿಯ ರಟ್ಟನ್ನು ತೂರಿಸಿ ನೋಡುತ್ತಿದ್ದರು. ಅದೇ ಹೋಟೆಲಿನ, ಮೀನಿನ ಚಿತ್ರದ ಮಡಿಕೆಯನ್ನು ಆರ್ಲಿಸ್ ಲಕೋಟೆಗೆ ಹಾಕಿ ಕಳಿಸುತ್ತಿದ್ದಳು.

ಆರು ವರ್ಷದ ಹಿಂದೆ, ಮಾರ್ಚ್ ಕೊನೆಗೆ, ಹಿಮ ಇನ್ನೂ ಕರಗುವ ಮುಂಚೆ ಆರ್ಲಿಸ್ ಹೋದಳು. ಅವಳ ಕನ್ನಡಕ ಕೀಲಿಮಣೆಯ ಪಕ್ಕದಲ್ಲೇ ಉಳಿಯಿತು. ಡೆಲ್ಮರ್ ಎರಡು ಬೆರಳಿನಲ್ಲಿ ಟೈಪ್ ಮಾಡಲು ಕಲಿತ. ಕಲಿಯಲೇಬೇಕಾಯಿತು, ಯಾಕೆಂದರೆ ಪ್ರಶ್ನೆಗಳು ನಿಲ್ಲಲಿಲ್ಲ. ಅವಳು ಹೋದಳೆಂದು ಬರೆದರೂ ಸಂತಾಪದ ಮಾತು ಕಟ್ಟೆಯಲ್ಲಿ ಒಂದೂ ಬರಲಿಲ್ಲ, ಅದು ಅವನಿಗೆ ಒಳಗೊಳಗೇ ಚುಚ್ಚಿತು; ಆದರೆ ಪ್ರಶ್ನೆಗಳು ಮಳೆಯ ಹಾಗೆ ಬಂದವು. ಅದರಲ್ಲೂ ಪೆನ್ಸಿಲ್ವೇನಿಯಾದ ಹರ್ಷೆಲ್ ಡೀಟ್ಸ್ ಎಂಬವನು ಪ್ರತಿ ಏಪ್ರಿಲ್ ಮೊದಲ ವಾರ ಒಂದೇ ಪ್ರಶ್ನೆ ಕೇಳುತ್ತಿದ್ದ: ಬ್ರೆಕ್ಕೆ ಹತ್ತು ಎಚ್‌ಪಿಗೆ ಪಾಯಿಂಟ್ ಗ್ಯಾಪ್ ಎಷ್ಟಿಡಬೇಕು? ಮೊದಲ ವರ್ಷ ಡೆಲ್ಮರ್ ಪುಟಗಟ್ಟಲೆ ಉತ್ತರಿಸಿದ. ಮೂರನೆಯ ವರ್ಷದಿಂದ ಹಲ್ಲು ಕಡಿದು, ಬೈದುಕೊಂಡೇ ಉತ್ತರಿಸಿದ. ಈ ವರ್ಷ, ಅದೇ ಪ್ರಶ್ನೆ ಏಳನೆಯ ಸಲ ಬಂದಾಗ, ಅವನ ತಾಳ್ಮೆ ಪೂರ್ತಿ ಕೆಟ್ಟಿತು. "ಹೇಳಿದ್ದು ತಲೇಲಿ ನಿಲ್ದಿದ್ರೆ ಟ್ರ್ಯಾಕ್ಟರ್ ಮಾರಿ ಮೇಕೆ ಸಾಕು. ಹುಲ್ಲನ್ನೂ ಅದೇ ತಿನ್ನುತ್ತೆ, ಗ್ಯಾಪ್ ಕೂಡ ಕೇಳಲ್ಲ," ಎಂದು ಬರೆದು ಎದ್ದ. ಕಟ್ಟೆಯಲ್ಲಿ ಆ ತಿಂಗಳು ಬಂದಿದ್ದ ಪ್ರಶ್ನೆ ಅದೊಂದೇ.

ಅದಾಗಿ ಹತ್ತು ದಿನಕ್ಕೆ ಕಟ್ಟೆಯ ನೆತ್ತಿಯಲ್ಲಿ ಕೆಂಪು ಅಕ್ಷರದ ಸೂಚನೆ ಬಂತು. ತಂದೆಯ ಕಾಲದ ತಾಣವನ್ನು ಇನ್ನು ನಡೆಸಲಾಗದು, ಯಾರೂ ಬರುತ್ತಿಲ್ಲ, ಏಪ್ರಿಲ್ ಮೂವತ್ತಕ್ಕೆ ಮುಚ್ಚುತ್ತೇನೆ, ಬೇಕಾದ್ದನ್ನು ಅಷ್ಟರೊಳಗೆ ಉಳಿಸಿಕೊಳ್ಳಿ ಎಂದು ಇಂಡಿಯಾನಾದ ಪುಣ್ಯಾತ್ಮನ ಮಗಳು ಬರೆದಿದ್ದಳು.

ಆವತ್ತು ಮಧ್ಯಾಹ್ನ ಆರ್ಲಿಸ್‌ಳ ತಂಗಿ ಲವಾನ್ ಆಲೂಗಡ್ಡೆ ಮಾಂಸದ ಪಾತ್ರೆ ಹಿಡಿದು ಬಂದಳು. ಅವಳ ಬಾಯಿ ಊರಿಗೇ ಗೊತ್ತು.

"ಏನು ಡೆಲ್, ಯಾರೋ ಸತ್ತ ಹಾಗೆ ಕೂತಿದೀಯ?"

"ಕಟ್ಟೆ ಮುಚ್ತಾರಂತೆ."

"ಅಲ್ಲಿರೋರೆಲ್ಲ ಆಗ್ಲೇ ಸತ್ತಿದಾರಲ್ಲ. ಬಾಗ್ಲು ಒಂದು ಹಾಕೋದಿತ್ತು."

ಡೆಲ್ಮರ್ ನಗಲಿಲ್ಲ. "ಅವಳು ಬರೆದಿದ್ದೆಲ್ಲ ಅಲ್ಲೇ ಇದೆ, ಲವಾನ್. ನನ್ನ ಹೆಸರಲ್ಲಿ. ಯಾವುದು ನಂದು, ಯಾವುದು ಅವಳದು ಅಂತ ನಂಗೇ ಗೊತ್ತಾಗಲ್ಲ. ಮೂವತ್ತನೇ ತಾರೀಖು ಅವಳು ಇನ್ನೊಂದ್ಸಲ ಹೋಗ್ತಾಳೆ."

ಲವಾನ್ ಪಾತ್ರೆಯನ್ನು ಒಲೆಯ ಮೇಲಿಟ್ಟು ಕೈ ಒರೆಸಿಕೊಂಡಳು. ಆಮೇಲೆ ಅವನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತಳು. "ಹನ್ನೆರಡು ಸಾವಿರ ಇಳಿಸ್ಕೊಳ್ಳೋಕೆ ನಿನ್ನ ಎರಡು ಬೆರಳಿಗೆ ಮುಂದಿನ ಜನ್ಮ ಬೇಕು. ಕಟ್ಟೆಯಲ್ಲಿ ನಿಂಗೇ ಅಂತ ಬಂದ ಖಾಸಗಿ ಪತ್ರ ಇಲ್ಲಿದೆ. ಕಳಿಸಿದ ಪತ್ರದ ಡಬ್ಬಿ ತೆಗೆದು ನೋಡಿದೀಯಾ?"

"ಕಳಿಸಿದ್ದನ್ನ ಯಾಕೆ ನೋಡ್ಲಿ? ಕಳಿಸಿದ್ದು ನಾನೇ ತಾನೆ."

"ಗಂಡಸರು," ಎಂದು ಲವಾನ್ ಡಬ್ಬಿ ತೆರೆದು ಕೊಟ್ಟು, ಒಲೆ ಹಚ್ಚಲು ಎದ್ದಳು.

ಡಬ್ಬಿಯಲ್ಲಿ ಆರ್ಲಿಸ್ ಕಾಲದ ಪತ್ರ ಒಂದೇ ಇತ್ತು. ಉಳಿದವನ್ನು ಅವಳೇ ಗುಡಿಸಿ ಹಾಕಿರಬೇಕು. ತಾರೀಖು ಆರು ವರ್ಷದ ಹಿಂದಿನ ಫೆಬ್ರವರಿ. ಕಳಿಸಿದವನು ಡೆಲ್ಮರ್ ಕಿಟಲ್ಸನ್. ಹೋದದ್ದು ಆಗ ಕಟ್ಟೆಗೆ ದಿನಾ ಬರುತ್ತಿದ್ದ ಹನ್ನೊಂದು ಜನಕ್ಕೆ. ತನ್ನದೇ ಹೆಸರಿನಡಿ, ತಾನು ಎಂದೂ ಆಡದ ಮಾತನ್ನು ಅವನು ತುಟಿ ಅಲುಗಿಸುತ್ತ ಓದಿದ.

"ನಾನು ಡೆಲ್ಮರ್ ಅಲ್ಲ, ಅವನ ಹೆಂಡತಿ ಆರ್ಲಿಸ್. ಇಷ್ಟು ವರ್ಷ ಟೈಪ್ ಮಾಡಿದ್ದು ನಾನೇ. ನಿಮಗೆ ಗೊತ್ತಾಗಿರುತ್ತೆ, 'ದಯವಿಟ್ಟು' ಅನ್ನೋ ಪದ ಅವನ ಬಾಯಲ್ಲಿ ಬರೋದಲ್ಲ. ಬೇಸಿಗೆ ಹೊತ್ತಿಗೆ ನಾನಿರಲ್ಲ ಅಂತ ಡಾಕ್ಟರ್ ಹೇಳಿದಾರೆ. ಒಂದು ಕೋರಿಕೆ. ಅವನಿಗೆ ಸಂತಾಪ ಹೇಳ್ಬೇಡಿ, ಅದನ್ನ ಎಲ್ಲಿಟ್ಕೋಬೇಕು ಅಂತ ಅವನಿಗೆ ಗೊತ್ತಿಲ್ಲ. ಪ್ರಶ್ನೆ ಕೇಳಿ. ಉತ್ತರ ಗೊತ್ತಿದ್ರೂ ಕೇಳಿ. ಬೆಳಿಗ್ಗೆ ಯಾರಾದ್ರೂ ಏನಾದ್ರೂ ಕೇಳಿದ್ರೆ ಅವನು ಎದ್ದು ಶರ್ಟ್ ಹಾಕ್ಕೋತಾನೆ. ಇಲ್ದಿದ್ರೆ ಹಾಕ್ಕೊಳಲ್ಲ. ಇದಕ್ಕೆ ಉತ್ತರ ಬರೀಬೇಡಿ, ಅವನ ಕಣ್ಣಿಗೆ ಬೀಳುತ್ತೆ."

ಅಡುಗೆಮನೆ ಒಮ್ಮೆಲೇ ತುಂಬ ದೊಡ್ಡದಾದಂತೆ ಅನಿಸಿತು ಅವನಿಗೆ. ಕನ್ನಡಕ ಅಲ್ಲೇ ಇತ್ತು. ಬಾಗಿಲಲ್ಲಿ ತಾನು ನಿಂತು ನಿಂತು ಬಣ್ಣ ಹೋದ ಚೌಕಟ್ಟೂ ಅಲ್ಲೇ ಇತ್ತು. ಅವನು ಹನ್ನೊಂದು ಹೆಸರನ್ನೂ ಒಂದೊಂದಾಗಿ ಹುಡುಕಿದ. ಬ್ಯಾಟರಿಗೆ ಕೆಂಪು ತಂತಿ ಯಾವ ಕಡೆ ಎಂದು ಕೇಳಿದ್ದ ವೆಂಡೆಲ್; ಅವನ ಕೊಟ್ಟಿಗೆಯಲ್ಲಿ ನಲವತ್ತು ಬ್ರೆಕ್ಕೆಗಳಿದ್ದವು. ಎಣ್ಣೆ ಎಲ್ಲಿ ಹಾಕಬೇಕು ಎಂದು ಕೇಳಿದ್ದ ಇನ್ನೊಬ್ಬ. ಅವನು ಬ್ರೆಕ್ಕೆಯ ಕೈಪಿಡಿಯನ್ನೇ ಮರುಮುದ್ರಿಸಿದವನು. ಜನ ದಡ್ಡರಾಗುತ್ತಿದ್ದಾರೆ, ಆದರೂ ಹುಚ್ಚು ಉಳಿದಿದೆಯಲ್ಲ, ಬ್ರೆಕ್ಕೆ ಸತ್ತಿಲ್ಲ ಎಂದು ಡೆಲ್ಮರ್ ಆಗ ಲವಾನ್‌ಳ ಮುಂದೆ ಎದೆಯುಬ್ಬಿಸಿ ಹೇಳಿದ್ದ. ಬ್ರೆಕ್ಕೆ ಯಾವತ್ತೋ ಸತ್ತಿತ್ತು. ಹನ್ನೊಂದು ಮುದುಕರು ಒಬ್ಬ ಹೆಂಗಸಿನ ಕೋರಿಕೆಗಾಗಿ ಅದನ್ನು ಆರು ವರ್ಷ ಹಿಡಿದು ನಿಲ್ಲಿಸಿದ್ದರು, ಒಬ್ಬೊಬ್ಬರಾಗಿ ಉದುರಿ ಹೋಗುವವರೆಗೆ. ಪ್ರಶ್ನೆಗಳು ಯಾಕೆ ಕಡಿಮೆಯಾದವು ಎನ್ನುವುದೂ ಈಗ ಅವನಿಗೆ ಅರ್ಥವಾಯಿತು. ಪಟ್ಟಿಯ ಕೊನೆಯ ಹೆಸರು ಹರ್ಷೆಲ್ ಡೀಟ್ಸ್.

"ಲವಾನ್," ಎಂದ ಅವನು, "ನಾನು ಅವನಿಗೆ ಮೇಕೆ ಸಾಕು ಅಂದ್ಬಿಟ್ಟೆ."

ಅವನ ಬೆನ್ನ ಹಿಂದೆ ನಿಂತು ಪತ್ರ ಓದಿ ಮುಗಿಸಿದ್ದ ಲವಾನ್ ಕಣ್ಣೊರೆಸಿಕೊಂಡಳು. "ಹಾಗಾದ್ರೆ ಇನ್ನೂ ಯಾಕೆ ಕೂತಿದೀಯ? ಫೋನ್ ಮಾಡು."

ಬೆಂಕಿಕಡ್ಡಿ ಯಾರ್ಯಾರಿಗೆ ಹೋಗಿತ್ತೋ ಅವರ ವಿಳಾಸ, ಫೋನ್ ನಂಬರುಗಳನ್ನೆಲ್ಲ ಆರ್ಲಿಸ್ ಅಡುಗೆಯ ವಿಧಾನ ಬರೆದ ಚೀಟಿಗಳ ತಗಡಿನ ಡಬ್ಬಿಯಲ್ಲೇ ಇಟ್ಟಿದ್ದಳು. ಸೇಬಿನ ಕಡುಬಿನ ಚೀಟಿಯ ಹಿಂದೆ ಡೀಟ್ಸ್ ಸಿಕ್ಕ. ಆ ಕಡೆ ಐದಾರು ಸಲ ಗಂಟೆ ಬಾರಿಸಿದ ಮೇಲೆ ಹೆಂಗಸೊಬ್ಬಳು ಎತ್ತಿಕೊಂಡಳು.

"ಹರ್ಷೆಲ್ ಇದಾರಾ? ನಾನು ವಿಸ್ಕಾನ್ಸಿನ್‌ನಿಂದ, ಡೆಲ್ಮರ್ ಕಿಟಲ್ಸನ್ ಅಂತ."

"ಮೇಕೆ ಸಾಕು ಅಂದವರು."

ಡೆಲ್ಮರ್‌ನ ಕಿವಿ ಬಿಸಿಯಾಯಿತು. "ಹೌದಮ್ಮ. ಅದಕ್ಕೇ ಮಾಡ್ದೆ. ಅವರ ಹತ್ರ ತಪ್ಪಾಯ್ತು ಅನ್ಬೇಕು."

"ನಾನು ಅವರ ಹೆಂಡ್ತಿ, ನದೀನ್. ಅವರು ನವೆಂಬರಲ್ಲೇ ತೀರ್ಕೊಂಡ್ರು."

ಹರ್ಷೆಲ್‌ನ ಪ್ರಶ್ನೆ ಬಂದಿದ್ದು ಈ ಏಪ್ರಿಲ್ ನಾಲ್ಕಕ್ಕೆ. ಡೆಲ್ಮರ್ ಗೋಡೆಗೆ ಕೈ ಊರಿದ. "ಹಾಗಾದ್ರೆ ಈ ತಿಂಗಳು ಕೇಳಿದ್ದು ಯಾರು?"

"ನಾನೇ. ಆಸ್ಪತ್ರೇಲಿ ಎರಡು ಕೆಲಸ ಹೇಳಿ ಹೋದ್ರು. ಚಳಿ ಬರೋ ಮುಂಚೆ ಹಿತ್ತಿಲ ನಲ್ಲಿ ಮುಚ್ಚು, ಏಪ್ರಿಲ್ ಬಂದ ತಕ್ಷಣ ಡೆಲ್ಮರ್‌ನ ಪಾಯಿಂಟ್ ಗ್ಯಾಪ್ ಕೇಳು, ಅಂತ. ಹಳೇದನ್ನ ನೋಡ್ಕೊಂಡು ಅಕ್ಷರ ಬಿಡದೆ ಇಳಿಸ್ದೆ. ಸರಿಯಾಗಿತ್ತಾ?"

"ಸರಿಯಾಗಿತ್ತು," ಎಂದ ಡೆಲ್ಮರ್. "ಅವರಿಗೆ ಉತ್ತರ ಗೊತ್ತಿತ್ತು, ಅಲ್ವಾ?"

"ಕಸುಬಿನ ಶಾಲೇಲಿ ಮೂವತ್ತೊಂದು ವರ್ಷ ಸಣ್ಣ ಎಂಜಿನ್ ಪಾಠ ಮಾಡಿದೋರು ಅವರು. ನಿಮ್ಮ ಹೆಂಡ್ತಿ ಕಳಿಸಿದ ಬೆಂಕಿಕಡ್ಡಿ ಮಡಿಕೆ ಇನ್ನೂ ಹಾಗೇ ಇದೆ, ಒಂದ್ಸಲಾನೂ ಬಳಸಿಲ್ಲ. ನೀವು ಬೈದಿದ್ದನ್ನ ಊಟದ ಹೊತ್ತಲ್ಲಿ ಜೋರಾಗಿ ಓದೋರು. ಪರವಾಗಿಲ್ಲ ನದೀನ್, ಮನುಷ್ಯ ಇನ್ನೂ ಗಟ್ಟಿಯಾಗಿದಾನೆ ಅನ್ನೋರು."

ಡೆಲ್ಮರ್‌ಗೆ ಅಳು ಬಂತು. ಲವಾನ್ ನೋಡುತ್ತಿದ್ದಳು, ಅವನು ಅಡಗಿಸಲಿಲ್ಲ. ಆರ್ಲಿಸ್ ಹೋದಾಗಲೂ ಅವನು ಹಾಗೆ ಅತ್ತಿರಲಿಲ್ಲ.

"ಕಟ್ಟೆ ಮುಚ್ತಾರಂತಲ್ಲ," ಎಂದಳು ನದೀನ್, ಅವನು ಸುಧಾರಿಸಿಕೊಳ್ಳುವವರೆಗೆ ಕಾದು. "ಮುಂದಿನ ಏಪ್ರಿಲ್ಲಿಗೆ ನಾನೆಲ್ಲಿ ಕೇಳ್ಲಿ? ಅವರು ನಂಗೆ ಬಿಟ್ಟು ಹೋದ ಕೆಲಸ ಅದೊಂದೇ ಇರೋದು."

"ಈ ನಂಬರಿಗೆ ಮಾಡಿ. ಇರೋ ತನಕ ಎತ್ಕೋತೀನಿ." ಆಮೇಲೆ ಅವನಿಗೆ ಇನ್ನೊಂದು ಹೊಳೆಯಿತು. "ಈಗ್ಲೂ ಕೇಳಿ. ಈ ಸಲದ್ದಕ್ಕೆ ನಾನು ಉತ್ತರಾನೇ ಕೊಟ್ಟಿಲ್ಲ."

ನದೀನ್ ಗಂಟಲು ಸರಿಮಾಡಿಕೊಂಡಳು. "ಬ್ರೆಕ್ಕೆ ಹತ್ತು ಎಚ್‌ಪಿಗೆ ಪಾಯಿಂಟ್ ಗ್ಯಾಪ್ ಎಷ್ಟಿಡ್ಬೇಕು?"

ಡೆಲ್ಮರ್ ಫೋನು ಹಿಡಿದುಕೊಂಡೇ, ತನಗೇ ತಿಳಿಯದೆ ಹೋಗಿ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

"ಮೊದಲು ಪ್ಲಗ್ ತಂತಿ ಕಿತ್ತಿಡಿ," ಎಂದು ಹೇಳಿ ನಿಂತ. ಎದುರಿಗೆ ಖಾಲಿ ಕುರ್ಚಿಯನ್ನು ನೋಡುತ್ತ ಕಾದ. "ಎಂಜಿನ್ನನ್ನ ಕೈಯಲ್ಲಿ ತಿರುಗಿಸಿ. ಪಾಯಿಂಟು ಪೂರ್ತಿ ತೆರೆದುಕೊಂಡಾಗ ನಿಲ್ಲಿಸಿ." ಮತ್ತೆ ಕಾದ. "ರಟ್ಟನ್ನ ಸಂದಲ್ಲಿ ತೂರಿಸಿ ಮೆಲ್ಲಗೆ ಎಳೀರಿ, ದಯವಿಟ್ಟು. ಬರೋವಾಗ ಒಂಚೂರು ಹಿಡೀಬೇಕು."

ಪ್ರತಿ ವಾಕ್ಯಕ್ಕೂ ತಾನು ಯಾಕೆ ನಿಲ್ಲುತ್ತಿದ್ದೇನೆ, ಯಾವ ಸದ್ದಿಗೆ ಕಾಯುತ್ತಿದ್ದೇನೆ ಎನ್ನುವುದು ಅವನಿಗೆ ಆಗ ಗೊತ್ತಾಯಿತು. ಮಾತು ಅಲ್ಲಿಗೇ ನಿಂತಿತು.

"ಹೇಳಿ," ಎಂದಳು ನದೀನ್ ಆ ಕಡೆಯಿಂದ. "ಬರ್ಕೋತಾ ಇದೀನಿ."