ಷಡ್ಡಕ ಮೆತ್ತಿದ ಟಾಪು

ನನ್ನ ವ್ಯಾನಿನ ಟಾಪು ಸೋರಿ ಅತ್ತೆಯ ರೇಷ್ಮೆ ಸೀರೆ ಹಾಳಾದ ದಿನ, ಆ ಟಾಪನ್ನು ರಿಪೇರಿ ಮಾಡಿದ್ದವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಅವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಕೋಲಾರದಲ್ಲಿ ಗಾಡಿಗಳಿಗೆ ತಗಡಿನ ಕೆಲಸ, ಬಣ್ಣದ ಕೆಲಸ ಮಾಡುವ ಶೆಡ್ಡು ಇಟ್ಟಿದ್ದಾನೆ. ಆ ನಗುವನ್ನು ಅವನ ಬಾಯಿಗೇ ವಾಪಸ್ಸು ತುರುಕಬೇಕು ಅಂತ ನಾನು ಮೂರು ತಿಂಗಳು ದುಡಿದೆ. ಅದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನನಗೆ ಮರ್ಯಾದೆ ತರದ ಭಾಗವೂ ಇದರಲ್ಲಿ ಇದೆ.

ವ್ಯಾನು ನನ್ನ ಹೆಂಡತಿಗಿಂತ ವಯಸ್ಸಾದದ್ದು. ಚಪ್ಪಟೆ ಮುಖ, ಎರಡು ದುಂಡು ದೀಪ, ತಳ್ಳುವ ಕಿಟಕಿ. ಅಂಥದ್ದು ಈಗ ಮುಳಬಾಗಿಲಿನಲ್ಲಿ ಇನ್ನೊಂದಿಲ್ಲ. ಗೌನಿಪಲ್ಲಿಯ ಮಾವಿನ ವ್ಯಾಪಾರಿಯೊಬ್ಬರಿಂದ ತೆಗೆದುಕೊಂಡಿದ್ದೆ. ಅವರು ಟಾಪಿನ ಮೇಲೆ ಕಬ್ಬಿಣದ ಕ್ಯಾರಿಯರ್ ಕೂರಿಸಿ ಹಣ್ಣಿನ ಕ್ರೇಟು ಹೇರುತ್ತಿದ್ದರು. ನಾನು ಜನರನ್ನು ಹೇರುತ್ತೇನೆ. ಮದುವೆ, ನಾಮಕರಣ, ತಿಥಿ, ಯಾವುದಾದರೂ ಸರಿ. ಕೆಲವರು ಬಾಡಿಗೆಗೆ ಕರೆಯುವುದೇ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬೇಕು ಅಂತ.

ಟಾಪಿನ ಅಂಚಿನಲ್ಲಿ ಕಂದು ಗುಳ್ಳೆಗಳು ಎದ್ದಾಗ ಷಡ್ಡಕನ ಶೆಡ್ಡಿಗೆ ಬಿಟ್ಟೆ. ಮನೆಯವನೇ ಇರುವಾಗ ಹೊರಗಿನವರಿಗೆ ಯಾಕೆ ಅಂತ. ಎರಡು ವಾರ ಇಟ್ಟುಕೊಂಡು ಹಾಲಿನ ಕೆನೆ ಬಣ್ಣ ಹೊಡೆದು ವಾಪಸ್ಸು ಕೊಟ್ಟ. ಕನ್ನಡಿ ಹಾಗೆ ಹೊಳೆಯುತ್ತಿತ್ತು.

"ಇನ್ ಹತ್ ವರ್ಸ ಟಾಪ್ ಕಡೆ ತಲೆ ಎತ್ತಿ ನೋಡ್ಬೇಡ ಹೋಗ್ಲಾ" ಅಂದ.

ಹತ್ತು ವರ್ಷ ಅಲ್ಲ, ಎರಡು ತಿಂಗಳೂ ಆಗಲಿಲ್ಲ. ನನ್ನ ಬಾಮೈದನಿಗೆ ಮಾಲೂರಿನಲ್ಲಿ ಹುಡುಗಿ ಗೊತ್ತಾಗಿ ನಿಶ್ಚಿತಾರ್ಥಕ್ಕೆ ಹೊರಟೆವು. ಬೈರಕೂರಿನಲ್ಲಿ ಅತ್ತೆಯನ್ನೂ ನೆಂಟರನ್ನೂ ಹತ್ತಿಸಿಕೊಂಡು, ಕೋಲಾರದಲ್ಲಿ ಷಡ್ಡಕನನ್ನೂ ಅವನ ಹೆಂಡತಿಯನ್ನೂ ಹತ್ತಿಸಿಕೊಂಡೆ. ಕೋಲಾರ ದಾಟುತ್ತಿದ್ದ ಹಾಗೆ ಮುಂಗಾರಿಗೆ ಮುಂಚಿನ ಗುಡುಗು ಮಳೆ ಹಿಡಿಯಿತು. ಅತ್ತೆ ಎಡಗಡೆ ಮೂರನೇ ಸೀಟಿನಲ್ಲಿ ಕೂತಿದ್ದರು. ಮೊದಲು ಒಂದು ಹನಿ. ಅವರು ಸೆರಗಿನಿಂದ ಒರೆಸಿಕೊಂಡರು. ಆಮೇಲೆ ಟಾಪಿಗೆ ಒಳಗಡೆಯಿಂದ ಹೊದಿಸಿದ್ದ ಬಟ್ಟೆ ಹೊಟ್ಟೆ ಬಿಟ್ಟುಕೊಂಡು ಇಳಿಯಿತು. ನಾನು ಬ್ರೇಕ್ ಒತ್ತಿದ್ದೇ ತಡ, ತುಕ್ಕಿನ ನೀರು ಒಂದು ಬಿಂದಿಗೆಯಷ್ಟು ಅವರ ತಲೆಯ ಮೇಲೆ ಸುರಿಯಿತು. ಬೆಳ್ಳಿ ಬಣ್ಣದ ಸೀರೆ, ಮಗನ ನಿಶ್ಚಿತಾರ್ಥಕ್ಕೆ ಅಂತ ತೆಗೆದಿಟ್ಟುಕೊಂಡಿದ್ದು. ಕಾಫಿ ಚೆಲ್ಲಿದ ಹಾಗೆ ಆಯಿತು.

"ಅಯ್ಯೋ ದೇವುಡಾ! ನನ್ ಸೀರೆ!"

ಆಗ ಷಡ್ಡಕ ನಕ್ಕ.

"ನಾನೇನ್ ಮಾಡ್ಲಿ ಅತ್ತೆ, ಗಾಡಿ ಮುದುಕಿ. ಮುದುಕೀಗೆ ಮೂಗ್ ಸೋರಲ್ವಾ?" ಅಂದು ನನ್ನ ಕಡೆ ತಿರುಗಿದ. "ಏನ್ಲಾ, ಎಸ್ಸೆಲ್ಸಿ ಪಾಸಾದೋನ್ ನೀನು. ಮಳೆ ಬಂದ್ರೆ ಕೊಡೆ ಹಿಡೀಬೇಕು ಅಂತ ನಿಮ್ ಪುಸ್ತಕದಾಗೆ ಬರೆದಿಲ್ವಾ?"

ನಾನು ಮೂವತ್ತೆಂಟನೇ ವಯಸ್ಸಿನಲ್ಲಿ ಪರೀಕ್ಷೆ ಕಟ್ಟಿ ಹತ್ತನೇ ಕ್ಲಾಸು ಪಾಸು ಮಾಡಿದವನು. ಅವನು ಆ ಮಾತನ್ನು ಪ್ರತಿ ಹಬ್ಬದಲ್ಲೂ ಒಂದಲ್ಲ ಒಂದು ರೀತಿ ಎತ್ತುತ್ತಾನೆ. ಬೇರೆ ದಿನ ನುಂಗಿಕೊಳ್ಳುತ್ತಿದ್ದೆ. ಅವತ್ತು ಇಡೀ ವ್ಯಾನು ನಕ್ಕಿತು, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು. ಅತ್ತೆ ಮಾಲೂರಿನಲ್ಲಿ ಬೀಗರ ಎದುರಿಗೆ ಯಾರದೋ ಹತ್ತಿ ಸೀರೆ ಉಟ್ಟು ಕೂತರು. ವಾಪಸ್ಸು ಬಸ್ಸಿನಲ್ಲಿ ಹೋದರು. "ಇನ್ ಈ ಗಾಡೀಗೆ ನಾನ್ ಕಾಲಿಡಲ್ಲ" ಅಂದರು. ಮದುವೆಗೆ ಬೇರೆ ಗಾಡಿ ಗೊತ್ತು ಮಾಡಿಸಿದರು. ಮನೆಯ ಅಳಿಯನದೇ ವ್ಯಾನು ಇರುವಾಗ ಹೊರಗಿನ ಗಾಡಿ. ಅದನ್ನು ಗೊತ್ತು ಮಾಡಿಕೊಟ್ಟವನೂ ಷಡ್ಡಕನೇ.

ಆ ಸೀಟಿನಲ್ಲಿ, ಮಳೆಯಲ್ಲಿ, ಎಲ್ಲರ ಎದುರಿಗೆ ಅವನನ್ನು ಕೂರಿಸುತ್ತೇನೆ ಅಂತ ಅವತ್ತೇ ನಿಶ್ಚಯ ಮಾಡಿದೆ. ಒಂದು ಹನಿಯೂ ಬೀಳಬಾರದು. ಬಿದ್ದರೆ ನಾನು ಸೋತ ಹಾಗೆ, ಮತ್ತೆ ಆ ಮನೆಯಲ್ಲಿ ಬಾಯಿ ತೆರೆಯುವ ಹಾಗಿಲ್ಲ.

ಶ್ರೀನಿವಾಸಪುರದಲ್ಲಿ ತಗಡಿನ ಟ್ರಂಕು ಮಾಡುವ ಒಬ್ಬ ಮುದುಕರಿದ್ದಾರೆ. ಎಲ್ಲರೂ ಚಾಚಾ ಅನ್ನುತ್ತಾರೆ. ಅವರ ಟ್ರಂಕಿನೊಳಗೆ ನೀರು ಹೋಗುವುದಿಲ್ಲ ಅಂತ ಹೆಸರು. ನಾನು ವ್ಯಾನನ್ನು ಅವರ ಅಂಗಡಿ ಮುಂದೆ ನಿಲ್ಲಿಸಿ ಕೈ ಮುಗಿದೆ.

"ನಂದು ಕಣ್ಣು ಮಂಜಾಗೈತೆ ಬಾಬಾ" ಅಂದರು. "ನಾನು ಹೇಳ್ತೀನಿ, ನೀವು ಮಾಡ್ರಿ. ಆಗ್ತೈತಾ?"

ಆಗುತ್ತದೆ ಅಂದೆ. ಅವರು ಒಳಗೆ ಹತ್ತಿ, ಸೀಟುಗಳ ಮೇಲೆ ಅಂಗಾತ ಮಲಗಿ, ಒಳಬಟ್ಟೆ ಬಿಚ್ಚಿಸಿ, ಬೆರಳ ಗೆಣ್ಣಿನಿಂದ ಟಾಪನ್ನು ತಟ್ಟುತ್ತಾ ಹೋದರು. ಒಳ್ಳೆಯ ತಗಡು ಠಣ್ ಅನ್ನುತ್ತಿತ್ತು. ತೂತು ಮುಚ್ಚಲು ಮೆತ್ತುವ ಪುಟ್ಟಿ ಇರುವ ಕಡೆ ಒದ್ದೆ ಗೋಡೆ ತಟ್ಟಿದ ಹಾಗೆ ದಪ್ ಅನ್ನುತ್ತಿತ್ತು. ದಪ್ ಅಂದ ಕಡೆಯೆಲ್ಲ ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಸಂಜೆಯ ಹೊತ್ತಿಗೆ ಠಣ್ ಅನ್ನುವ ಜಾಗಕ್ಕೆ ಗೆರೆ ಎಳೆದಿದ್ದರೆ ಸುಲಭವಾಗುತ್ತಿತ್ತು ಅನ್ನಿಸಿತು.

ಮರುದಿನ ಮೇಲೆ ಹತ್ತಿ ಉಳಿ ಇಟ್ಟು ಹೊಡೆದೆ. ಆ ಹೊಳೆಯುವ ಬಣ್ಣದ ಕೆಳಗೆ ಪುಟ್ಟಿ ರಾಗಿ ರೊಟ್ಟಿಯಷ್ಟು ದಪ್ಪಕ್ಕೆ ಎದ್ದು ಬಂತು. ಅದರ ಕೆಳಗೆ ತೂತಿನೊಳಗೆ ಗೋಣಿತಾಟಿನ ತುಂಡು ತುರುಕಿತ್ತು. ನೀರು ಕುಡಿದು ಕೊಳೆತು ನಾರುತ್ತಿತ್ತು. ತುಕ್ಕನ್ನು ಒಂದು ಸಾರಿಯೂ ಉಜ್ಜಿರಲಿಲ್ಲ.

ಚಾಚಾ ಒಂದು ತುಂಡನ್ನು ಮೂಸಿ ನೋಡಿ ನಕ್ಕರು. "ಅರೆ, ಇದು ರಿಪೇರಿ ಅಲ್ಲ, ಒಬ್ಬಟ್ಟು. ಒಳಗಡೆ ಹೂರಣ ಬೇರೆ ಐತೆ!"

ನನಗೆ ನಗು ಬರಲಿಲ್ಲ. ಮಿಠಾಯಿ ಅಂಗಡಿಯ ಒಂದು ಡಬ್ಬಿ ವ್ಯಾನಿನಲ್ಲಿತ್ತು. ಒಳ್ಳೊಳ್ಳೆ ತುಂಡುಗಳನ್ನು ಆರಿಸಿ ಅದರಲ್ಲಿ ಜೋಡಿಸಿದೆ. ಪ್ರತಿ ತುಂಡು ಇಡುವಾಗಲೂ ಷಡ್ಡಕನ ಮುಖ ಕಾಣುತ್ತಿತ್ತು. ತುಂಬಾ ತೃಪ್ತಿಯಾಗಿತ್ತು.

ಆ ತೃಪ್ತಿ ಮೂರನೇ ದಿನದವರೆಗೆ ಇತ್ತು. ಮೂರನೇ ದಿನ ಕ್ಯಾರಿಯರ್ ಬಿಚ್ಚಿದೆವು. ಟಾಪಿನ ಸುತ್ತ ಮಳೆನೀರು ಹರಿದು ಹೋಗಲು ಒಂದು ಸಣ್ಣ ಕಾಲುವೆ ಇರುತ್ತದೆ, ಬೆರಳಷ್ಟು ಅಗಲ. ಕ್ಯಾರಿಯರಿನ ಕಾಲುಗಳು ಅದರ ಮೇಲೆ ನಿಂತಿದ್ದವು. ಕಾಲುಗಳ ಕೆಳಗೆ, ಕಾಲುವೆಯ ಉದ್ದಕ್ಕೂ, ಕಪ್ಪಗೆ ಗಸಿಯ ಹಾಗೆ ಏನೋ ತುಂಬಿತ್ತು. ಚಾಚಾ ಬೆರಳು ಹಾಕಿದವರು ಒಂದು ದಾರ ಎಳೆದರು. ದಾರಕ್ಕೆ ಚೆಂಡುಹೂವಿನ ತೊಟ್ಟು ಅಂಟಿತ್ತು. ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಇದು ನಿಮ್ದು ಪೂಜೆದು. ನೀವೇ ತೆಗೀರಿ."

ಪ್ರತಿ ಆಯುಧಪೂಜೆಗೆ ನನ್ನ ಹೆಂಡತಿ ಕ್ಯಾರಿಯರಿಗೆ ಕಟ್ಟುವ ಹಾರ. ಪೂಜೆಯ ಹೂವನ್ನು ಕೈಯಿಂದ ಕಿತ್ತು ಹಾಕಬಾರದು, ಒಣಗಿ ತಾನಾಗಿ ಉದುರಬೇಕು ಅಂತ ನಮ್ಮ ಕಡೆ ಪದ್ಧತಿ. ಬೇರೆ ಗಾಡಿಗಳಲ್ಲಿ ಉದುರುತ್ತದೆ. ನನ್ನದರಲ್ಲಿ ಕ್ಯಾರಿಯರ್ ಹಿಡಿದಿಟ್ಟುಕೊಂಡಿತ್ತು. ಆರು ವರ್ಷದ ಹೂವು ಒಂದರ ಮೇಲೊಂದು ಕೂತು, ಮಳೆ ನೀರು ಹೀರಿ, ಬಿಸಿಲಲ್ಲೂ ಒಣಗದೆ ಇತ್ತು. ಅದನ್ನು ತೆಗೆದ ಜಾಗದಲ್ಲಿ ತಗಡೇ ಇರಲಿಲ್ಲ. ಕೆಳಗೆ ಸೀಟು ಕಾಣುತ್ತಿತ್ತು. ಎಡಗಡೆ ಮೂರನೇ ಸೀಟು.

"ಅಂಗಾದ್ರೆ ತಪ್ಪು ನಂದಾ ಚಾಚಾ?"

"ತೂತು ನಿಮ್ದು. ಮುಚ್ಚಿದ್ದು ಅವ್ರದು." ಅವರು ಬೀಡಿ ಹಚ್ಚಿದರು. "ಅವ್ರು ನೋಡಿರ್ತಾರೆ. ನೋಡಿ ಹೇಳ್ಬೇಕಿತ್ತು. ಹೇಳಿಲ್ಲ."

ಆ ಹೂವನ್ನು ಒಂದು ಕವರಿಗೆ ತುಂಬಿ, ಮನೆಗೆ ಹೋಗುವ ದಾರಿಯಲ್ಲಿ ಕೆರೆಗೆ ಬಿಟ್ಟೆ. ಅಕ್ಕಪಕ್ಕ ಯಾರೂ ಇಲ್ಲ ಅಂತ ನೋಡಿಕೊಂಡು ಬಿಟ್ಟೆ. ಪುಟ್ಟಿಯ ಡಬ್ಬಿ ಮಾತ್ರ ಸೀಟಿನ ಕೆಳಗೆ ಭದ್ರವಾಗಿತ್ತು. ನನ್ನ ಸಿಟ್ಟು ಕಡಿಮೆಯಾಗಬೇಕಿತ್ತು, ಆದರೆ ಇನ್ನೂ ಜಾಸ್ತಿಯಾಯಿತು. ಇವನು ನೋಡಿದ್ದ. ನೋಡಿಯೂ ಸುಮ್ಮನಿದ್ದ.

ಆಮೇಲೆ ಕೆಲಸ ಅಂದರೆ ಕೆಲಸ. ಕೊಳೆತ ತಗಡನ್ನೆಲ್ಲ ಕತ್ತರಿಸಿದೆ. ಉಳಿದದ್ದನ್ನು ತಂತಿ ಬ್ರಷ್ಷಿನಲ್ಲಿ ಬೆಳ್ಳಗಾಗುವ ತನಕ ಉಜ್ಜಿದೆ, ಮೂಗಿನಲ್ಲಿ ಎರಡು ದಿನ ತುಕ್ಕು ಬರುತ್ತಿತ್ತು. ಗ್ಯಾಸ್ ವೆಲ್ಡಿಂಗ್ ಮಾಡಿಸೋಣ ಅಂದರೆ ಚಾಚಾ ಬೇಡವೇ ಬೇಡ ಅಂದರು, ತೆಳು ತಗಡು ಬಿಸಿಗೆ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದಂತೆ. ಟ್ರಂಕಿನ ಮುಚ್ಚಳದ ಅಂಚು ಮಡಚುವ ಹಾಗೆ ಹೊಸ ತಗಡನ್ನು ಮರದ ಪಟ್ಟಿಯ ಮೇಲೆ ಮಡಚಿಸಿದರು. ರಿವೀಟು ಹೊಡೆಸಿದರು, ಮೇಲೆ ಸೀಸದ ಬೆಸುಗೆ ಹಾಕಿಸಿದರು. ಆಮೇಲೆ ಕೆಂಪು ಪ್ರೈಮರ್, ಅಂಚಿಗೆ ಅಂಟು, ಕೊನೆಗೆ ಬಣ್ಣ. ಬಣ್ಣ ಒಣಗಿದ ಮೇಲೆ ಕ್ಯಾರಿಯರನ್ನು ವಾಪಸ್ಸು ಕೂರಿಸಿದೆ. ನನ್ನ ಬಣ್ಣ ಷಡ್ಡಕನದರ ಹಾಗೆ ಹೊಳೆಯಲಿಲ್ಲ. ಬ್ರಷ್ಷಿನ ಗೆರೆ ಈಗಲೂ ಕಾಣುತ್ತದೆ.

ಪರೀಕ್ಷೆಗೆ ನಾನೇ ಒಂದು ಉಪಾಯ ಮಾಡಿದೆ. ಒಳಗೆ ಸೀಟುಗಳ ಮೇಲೆ ನನ್ನ ಬಿಳಿ ಪಂಚೆಗಳನ್ನು ಹಾಸಿದೆ. ಬಿಂದಿಗೆ ನೀರಿಗೆ ಅರಿಶಿನ ಕಲಸಿ ಟಾಪಿನ ಮೇಲೆ ಸುರಿದೆ. ಮೊದಲ ಸಾರಿ, ಅದೇ ಸೀಟಿನ ಮೇಲೆ, ಹೆಬ್ಬೆಟ್ಟಿನಷ್ಟು ಹಳದಿ ಬಿತ್ತು. ನಾನು ರಸ್ತೆ ಬದಿಯಲ್ಲಿ ಕೂತುಬಿಟ್ಟೆ. ಒಂದು ರಿವೀಟು ಬಿಗಿಯಾಗಿರಲಿಲ್ಲ. ತೆಗೆದು ಹೊಡೆದೆ. ಎರಡನೇ ಸಾರಿ ಸಾಸಿವೆಯಷ್ಟು. ಮತ್ತೆ ಬೆಸುಗೆ. ಮೂರನೇ ಸಾರಿ ಪಂಚೆ ಬಿಳಿಯಾಗಿಯೇ ಉಳಿಯಿತು.

ಮದುವೆ ಶ್ರಾವಣದಲ್ಲಿ ಆಗಿತ್ತು. ಶ್ರಾವಣದಲ್ಲಿ ಮಾಂಸ ಇಲ್ಲವಲ್ಲ, ಅದಕ್ಕೆ ಬೀಗರೂಟವನ್ನು ಗೌರಿ ಹಬ್ಬ ಕಳೆದ ಮೇಲೆ ಮಾಲೂರಿನಲ್ಲಿ ಇಟ್ಟುಕೊಂಡಿದ್ದರು. ನನ್ನ ವ್ಯಾನಿನಲ್ಲೇ ಹೋಗೋಣ ಅಂತ ಹೆಂಡತಿ ಅವರಮ್ಮನನ್ನು ಎರಡು ದಿನ ಕಾಡಿ ಒಪ್ಪಿಸಿದಳು.

"ಆ ಸೀಟಲ್ಲಿ ಮಾತ್ರ ನಾನ್ ಕೂರಲ್ಲ" ಅಂದರು ಅತ್ತೆ.

"ಅದು ನಿಮ್ಗಲ್ಲ ಅತ್ತೆ, ದೊಡ್ಡಳಿಯಂದ್ರಿಗೆ" ಅಂದೆ.

ಕೋಲಾರದಲ್ಲಿ ಷಡ್ಡಕ ಹತ್ತಿದ. ಬಿಳಿ ಶರಟು, ಬಿಳಿ ಪ್ಯಾಂಟು, ಗರಿಗರಿ ಇಸ್ತ್ರಿ. ಕೈಯಲ್ಲಿ ಕೊಡೆ. ಉಳಿದ ಸೀಟೆಲ್ಲ ನಾನು ಮೊದಲೇ ತುಂಬಿಸಿದ್ದೆ. ಅವನು ಕೂತು, ವ್ಯಾನಿನೊಳಗೇ ಕೊಡೆ ಬಿಚ್ಚಿ ತಲೆ ಮೇಲೆ ಹಿಡಿದ. ಎಲ್ಲರೂ ನಕ್ಕರು. ನಾನು ಕನ್ನಡಿಯಲ್ಲಿ ನೋಡುತ್ತಾ ಗೇರು ಹಾಕಿದೆ. ಆಕಾಶ ಮಾಲೂರಿನ ಕಡೆ ಕಪ್ಪಗಿತ್ತು. ಅಷ್ಟು ಆಸೆಯಿಂದ ನಾನು ಯಾವ ಮಳೆಗೂ ಕಾದಿರಲಿಲ್ಲ.

ಮಳೆ ಬಂತು, ಎದುರಿನ ಲಾರಿ ಕಾಣದಷ್ಟು. ನಾನು ವ್ಯಾನನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ.

"ಯಾಕ್ಲಾ ನಿಲ್ಲಿಸ್ದೆ? ಮಟನ್ ತಣ್ಣಗಾಗ್ತೈತೆ!"

"ಗಾಡಿ ಓಡ್ತಿದ್ರೆ ನೀರು ಹಿಂದಕ್ಕೆ ಜಾರ್ತದೆ ಭಾವ. ನಿಂತ್ರೇನೆ ಗೊತ್ತಾಗೋದು. ಕೊಡೆ ಮಡಚಿ."

"ಮಡಚಲ್ಲ ಹೋಗ್ಲಾ."

"ಮಡಚಪ್ಪಾ" ಅಂದರು ಅತ್ತೆ. ಅವರ ದನಿಗೆ ಅವನು ಮಡಚಿದ.

ಮಳೆ ಟಾಪಿನ ಮೇಲೆ ಕುಟ್ಟುತ್ತಿತ್ತು. ಹತ್ತು ನಿಮಿಷ ನಾನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ, ಅವನು ಮೇಲಿಂದ ಕಣ್ಣು ತೆಗೆಯಲಿಲ್ಲ. ಒಂದೇ ಒಂದು ಹನಿ ಬೀಳಲಿ ಅಂತ ಅವನು ಬೇಡಿಕೊಳ್ಳುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ಅತ್ತೆ ಎದ್ದು ಅವನ ತಲೆಯ ಮೇಲೆ ಕೈ ಚಾಚಿ ಒಳಬಟ್ಟೆ ಮುಟ್ಟಿ ನೋಡಿದರು.

"ಒಣಗೈತೆ" ಅಂದರು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮಾಲೂರಿನಲ್ಲಿ ಎಲೆ ಹಾಕಿ, ಬೀಗರು ಎದುರು ಸಾಲಿನಲ್ಲಿ ಕೂತಾಗ, ಆ ಮಿಠಾಯಿ ಡಬ್ಬಿಯನ್ನು ತಂದು ನಡುವೆ ಇಟ್ಟು ಮುಚ್ಚಳ ತೆಗೆದೆ. ಪುಟ್ಟಿಯ ತುಂಡು, ಗೋಣಿತಾಟು.

"ನಮ್ ಭಾವನ ಶೆಡ್ಡಿನ ಒಬ್ಬಟ್ಟು" ಅಂದೆ. ಚಾಚಾ ಆಡಿದ ಮಾತು, ನನ್ನದು ಅಂತಲೇ ಹೇಳಿದೆ. "ನಮ್ಮತ್ತೆ ಸೀರೆ ಮೇಲೆ ಬಿದ್ದಿದ್ದು ಇದರ ಹೂರಣ."

ಬೀಗರು ಒಂದು ತುಂಡು ಎತ್ತಿ ನೋಡಿದರು. ಮೊದಲು ಒಬ್ಬರು ನಕ್ಕರು, ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಷಡ್ಡಕನ ಕಿವಿ ಕೆಂಪಾಯಿತು. ಅವನು ನನ್ನನ್ನೇ ನೋಡಿ ಮೆಲ್ಲಗೆ ಕೇಳಿದ.

"ಕಾಲುವೆಯಾಗೆ ಇದ್ದ ಹೂ ಎಲ್ಲಿ? ಅದನ್ಯಾಕ್ ತರಲಿಲ್ಲ? ನಿನ್ ದೇವ್ರ ಹೂ ನಾನ್ ಕಿತ್ತಾಕಿದ್ರೆ ನೀನ್ ಸುಮ್ನಿರ್ತಿದ್ಯಾ?"

ಬಡಿಸುತ್ತಿದ್ದ ನನ್ನ ಹೆಂಡತಿ ಸೌಟು ಹಿಡಿದು ನಿಂತಳು.

"ಯಾವ ಹೂ?" ಅಂದೆ ನಾನು. ಮುಖದ ಮೇಲೆ ಏನೂ ತೋರಿಸದೆ, ಎಲ್ಲರಿಗೂ ಕೇಳುವ ಹಾಗೆ.

ಅವನು ಎಲೆ ಮಡಚಿ ಎದ್ದ. ಹೆಂಡತಿಯನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದ. ಕೊಡೆ ವ್ಯಾನಿನಲ್ಲೇ ಉಳಿದಿತ್ತು. ಬಿಳಿ ಬಟ್ಟೆಯಲ್ಲಿ ನೆನೆಯುತ್ತಾ ಅವನು ಓಡಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಈಗಲೂ ನೆನೆಸಿಕೊಂಡರೆ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ವಾಪಸ್ಸು ಬರುವಾಗ ಅತ್ತೆ ಆ ಸೀಟಿನಲ್ಲೇ ಕೂತು ನಿದ್ದೆ ಮಾಡಿದರು. ಷಡ್ಡಕ ಇವತ್ತಿನವರೆಗೆ ನನ್ನ ಜೊತೆ ಮಾತಾಡಿಲ್ಲ. ಕೊಡೆ ನನ್ನ ಹತ್ತಿರವೇ ಇದೆ.

ಕೆಲವು ವಾರಕ್ಕೆ ಆಯುಧಪೂಜೆ ಬಂತು. ಹೆಂಡತಿ ಎಂದಿನ ಹಾಗೆ ಕ್ಯಾರಿಯರಿಗೆ ಹಾರ ಕಟ್ಟಿದಳು. ಮರುದಿನ ಬೆಳಿಗ್ಗೆ ನಾನು ಏಣಿ ಹಾಕಿ ಹತ್ತಿ, ಸ್ಕ್ರೂಡ್ರೈವರಿನಿಂದ ಕಾಲುವೆಯಲ್ಲಿ ಸಿಕ್ಕಿದ್ದ ಎಸಳುಗಳನ್ನು ಬಿಡಿಸುತ್ತಿದ್ದೆ. ಅವಳು ಒಂದು ಬುಟ್ಟಿ ತಂದು ಏಣಿಯ ಕೆಳಗೆ ನಿಂತಳು.

"ಏನ್ ತೆಗೀತಿದೀರಿ?"

"ಹೂ."

"ಯಾವ ಹೂ?" ಅಂದಳು, ಮಾಲೂರಿನಲ್ಲಿ ನಾನು ಹೇಳಿದ್ದ ಅದೇ ದನಿಯಲ್ಲಿ, ಮುಖದ ಮೇಲೆ ಏನೂ ತೋರಿಸದೆ. ಬುಟ್ಟಿಯನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದಳು. ನಾನು ಹಾರವನ್ನು ಬಿಚ್ಚಿ ಅದರಲ್ಲಿ ಹಾಕಿದೆ.