ಏಡಿ ಕಾರ್ಖಾನೆಯಲ್ಲಿ ಓಡಿಲ್ ಕೂಲಿ ಕೇಳಿದ್ದು

ಓಡಿಲ್ ರೊಬಿಶೊ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ಅಂಗಡಿಯವನು ತೂಗಿಕೊಟ್ಟ ಆಲೂಗಡ್ಡೆಯನ್ನು ಮನೆಗೆ ತಂದು ಮತ್ತೆ ತೂಗುವಳು. ಪಾದ್ರಿ ನಕ್ಕು ಮಾತಾಡಿಸಿದರೆ, ಚರ್ಚಿನ ಚಾವಣಿಗೆ ಚಂದಾ ಕೇಳುತ್ತಾನೆಂದು ಮೊದಲೇ ಮುಖ ಗಂಟಿಕ್ಕುವಳು. ಹದಿನಾರಕ್ಕೆ ಶಾಲೆ ಬಿಟ್ಟು ನ್ಯೂ ಬ್ರನ್ಸ್‌ವಿಕ್ ಕರಾವಳಿಯ ಏಡಿ ಕಾರ್ಖಾನೆ ಸೇರಿದವಳು, ಅಲ್ಲೇ ಒಬ್ಬರ ನಂತರ ಒಬ್ಬರಂತೆ ಕಾರ್ಖಾನೆಯ ಮೂವರು ಯಜಮಾನರನ್ನು ಕಂಡಳು. ಬೇಯಿಸಿದ ಏಡಿಯ ಕಾಲು ಮುರಿದೂ ಮುರಿದೂ ಗೆಣ್ಣುಗಳು ಊದಿ, ಮದುವೆಯ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾಯಿತು.

ಊರಿನ ಹುಡುಗಿಯರು ಪಟ್ಟಣ ಸೇರತೊಡಗಿದ ಮೇಲೆ ಪ್ರತಿವರ್ಷ ಏಡಿಯ ಹಂಗಾಮಿಗೆಂದು ಕಾರ್ಖಾನೆಗೆ ಫಿಲಿಪೀನ್ಸಿನ ಹೆಂಗಸರು ಬಂದು ಹೋಗುವಂತಾಯಿತು. ಓಡಿಲ್‌ಳ ಎದುರಿಗೆ, ಕೆಲಸದ ಮೇಜಿನ ಆಚೆ ಬದಿಗೆ ನಿಂತವಳು ಮಾರಿವಿಕ್ ದುಮಲಗನ್. ಕೈ ಚುರುಕು, ಮಾತು ಕಡಿಮೆ. ಆ ಮೌನವೇ ಓಡಿಲ್‌ಗೆ ಸರಿಬರಲಿಲ್ಲ. ಗೆಳತಿ ಝಿನೆಟ್ ಬೇರೆ ಕಿವಿಯೂದಿದಳು: "ಅವ್ರಿಗೆ ಬಿಟ್ಟಿ ಮನೆ ಕಣೇ. ಕೂಲೀನೂ ನಮಗಿಂತ ಜಾಸ್ತಿಯಂತೆ."

ಓಡಿಲ್ ಮೇಸ್ತ್ರಿ ರೆಜಾನ್‌ನ ಬಳಿ ಹೋಗಿ ಕೂಲಿ ಏರಿಸಲು ಕೇಳಿದಳು.

"ಎದುರಿಗಿರೋಳನ್ನ ನೋಡಿ ಕಲಿ ಓಡಿಲ್. ತುಟಿಪಿಟಕ್ ಅನ್ನಲ್ಲ," ಎಂದ ಅವನು. "ಕೂಲಿ ವಿಷ್ಯ ಯಾರ ಹತ್ರಾನೂ ಎತ್ತಬೇಡ. ಸುಮ್ನೆ ಜಗಳ."

ಆ ಕೊನೆಯ ಮಾತು ಅವಳ ಮನಸ್ಸಿಗೆ ಮುಳ್ಳಿನಂತೆ ಚುಚ್ಚಿತು. ಇನ್ನೊಬ್ಬರ ಬಾಯಿ ಮುಚ್ಚಿಸುವವನು ಏನನ್ನೋ ಬಚ್ಚಿಟ್ಟಿರಲೇಬೇಕು.

ಭಾನುವಾರ ಹಂದಿಮಾಂಸ ತುಂಬಿದ ಆಲೂಗಡ್ಡೆ ಉಂಡೆಗಳನ್ನು ಪಾತ್ರೆಗೆ ಹಾಕಿಕೊಂಡು ಮಾರಿವಿಕ್‌ಳ ಮನೆಗೆ ಹೋದಳು. ಬಾಗಿಲು ಅರ್ಧವಷ್ಟೇ ತೆರೆಯಿತು.

"ಮೇಸ್ತ್ರಿ ಕಳಿಸಿದ್ರಾ ಅಕ್ಕಾ?"

"ನನ್ನನ್ನ? ಅವ್ನ ಮುಖಕ್ಕಿಷ್ಟು! ನೀನೇ ಅವ್ನಿಗೆ ಚಾಡಿ ಹೇಳೋಳು ಅಂದ್ಕೊಂಡಿದ್ದೆ ನಾನು."

ಮಾರಿವಿಕ್ ನಗಲಿಲ್ಲ, ಆದರೂ ದಾರಿ ಬಿಟ್ಟಳು. ಒಳಗೆ ಒಂದೇ ಕೋಣೆಯಲ್ಲಿ ನಾಲ್ಕು ಮಂಚ.

"ಬಿಟ್ಟಿ ಮನೆಯಂತೆ?"

"ಬಿಟ್ಟಿನಾ! ಕೂಲೀಲೇ ಬಾಡಿಗೆ ಮುರ್ಕೋತಾರೆ."

ಓಡಿಲ್ ತನ್ನದನ್ನು ತಾನೇ ಮೊದಲು ಹೇಳಿದಳು. "ನಂಗೆ ಗಂಟೆಗೆ ಹತ್ತೊಂಬತ್ತು ಡಾಲರ್. ನಿಂಗೆ?"

ಮಾರಿವಿಕ್ ಬಾಗಿಲು ಮುಚ್ಚಿ, ದನಿ ತಗ್ಗಿಸಿದಳು. "ಹದಿನಾರು. ಊರಿನೋರಿಗೂ ಅಷ್ಟೇ ಅಂದಿದ್ರು."

ತಾನು ಹಳಬಳು, ಅದಕ್ಕೇ ಹೆಚ್ಚಿರಬಹುದು ಎಂದುಕೊಂಡಳು ಓಡಿಲ್. ಆದರೂ ಮನಸ್ಸು ತಡೆಯದೆ, ಈ ವಸಂತದಲ್ಲಷ್ಟೇ ಸೇರಿದ್ದ ಝಿನೆಟ್‌ಳ ಸೋದರ ಸೊಸೆಯನ್ನು ಕೇಳಿದಳು. ಇನ್ನೂ ಏಡಿಯ ಕಾಲು ಮುರಿಯಲೂ ಬಾರದ ಆ ಹುಡುಗಿಗೆ ಗಂಟೆಗೆ ಹದಿನೆಂಟು.

ಸೋಮವಾರ ಊಟದ ಕೋಣೆಯಲ್ಲಿ ಓಡಿಲ್ ಎದ್ದುನಿಂತು ಮೂರೂ ಕೂಲಿಗಳನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು. ರೆಜಾನ್ ಓಡಿಬಂದ.

"ನಿಂಗೇನೇ ಕಷ್ಟ? ನಿಂಗೆ ಜಾಸ್ತೀನೇ ಬರ್ತಿದೆಯಲ್ಲ!"

"ಇವತ್ತು ಬರ್ತಿದೆ. ಅವಳನ್ನ ತೋರಿಸಿ ನನ್ನ ಬಾಯಿ ಮುಚ್ಚಿಸ್ದೆ. ನಾಳೆ ಅವಳ ಕೂಲಿಗೇ ನನ್ನನ್ನೂ ಇಳಿಸಲ್ಲ ಅಂತ ಏನ್ ಗ್ಯಾರಂಟಿ?"

ಫಿಲಿಪೀನ್ಸಿನವರು ಯಾರೂ ಕೆಲಸಕ್ಕೆ ಏಳಲಿಲ್ಲ. ಊರಿನವರಲ್ಲೂ ಕೆಲವರು ಕೂತೇ ಉಳಿದರು. ಬೆಂದ ಏಡಿ ರಾಶಿ ಬಿದ್ದಿತ್ತು. ಅದು ಕೆಡುವ ಮೊದಲೇ ಯಜಮಾನ ಬಂದ. ಹೊರಗಿನವರ ಕೂಲಿ ಹದಿನೆಂಟಕ್ಕೇರಿತು. ಊರಿನವರಿಗೆ ಆ ವರ್ಷ ಬಿಡಿಗಾಸೂ ಹೆಚ್ಚಾಗಲಿಲ್ಲ.

"ನಮ್ ಪಾಲು ಕಿತ್ತು ಅವ್ರಿಗೆ ಹಂಚಿದ್ಯಲ್ಲೇ," ಎಂದ ಝಿನೆಟ್ ದಿನವೂ ತನ್ನ ಕಾರಿನಲ್ಲಿ ಅವಳನ್ನು ಕೆಲಸಕ್ಕೆ ಕರೆದೊಯ್ಯುತ್ತಿದ್ದುದನ್ನೇ ಬಿಟ್ಟಳು. ಓಡಿಲ್ ಚಳಿಗಾಳಿಗೆ ಮುಖವೊಡ್ಡಿ ನಡೆದು ಹೋಗತೊಡಗಿದಳು. ಝಿನೆಟ್ ಹೇಳಿದ್ದರಲ್ಲೂ ನಿಜವಿರಬಹುದೇ ಎಂದು ದಾರಿಯುದ್ದಕ್ಕೂ ತನ್ನನ್ನೇ ಅನುಮಾನಿಸುತ್ತಿದ್ದಳು.

ಮರುವರ್ಷ ಮಾರಿವಿಕ್ ಮತ್ತೆ ಬರುವಳೋ ಇಲ್ಲವೋ ಎಂಬ ಶಂಕೆಯೂ ಇತ್ತು. ಬಂದಳು. ಎದುರಿಗೇ ನಿಂತಳು. ಕೈಗವಸು ಹಾಕಿಕೊಳ್ಳುತ್ತಾ ಓಡಿಲ್ ಕುಶಲ ಕೇಳಲಿಲ್ಲ.

"ಕೂಲಿ ಏರಿಸಿದ್ದಕ್ಕೆ ಬಾಡಿಗೆ ಎಷ್ಟು ಏರಿಸಿದಾರೆ?" ಎಂದಳು.

ಮಾರಿವಿಕ್ ಮೇಸ್ತ್ರಿಯತ್ತ ಒಮ್ಮೆ ನೋಡಿ, ಈ ಸಲ ದನಿ ತಗ್ಗಿಸದೆಯೇ ಬಾಡಿಗೆಯ ಮೊತ್ತ ಹೇಳಿದಳು.